ಟೆಂಡರಿನಲ್ಲಿ ಮೀಸಲಾತಿ: ಲಗ್ಗೆರೆಯ ಚರಂಡಿ, ಪೀಣ್ಯದ ಲೇತು

ಸರ್ಕಾರಿ ಕಾಮಗಾರಿಗಳಲ್ಲಿ ಒಂದು ಪಾಲನ್ನು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಗುತ್ತಿಗೆದಾರರಿಗೆಂದೇ ತೆಗೆದಿಡುವ ನಿಯಮ ಕರ್ನಾಟಕದಲ್ಲಿ ಬಂದದ್ದು 2016ರ ತಿದ್ದುಪಡಿ ಕಾಯ್ದೆಯಿಂದ. ಹಾಗೆ ತೆಗೆದಿಟ್ಟ ಕೆಲಸದ ಟೆಂಡರಿಗೆ ಬೇರೆಯವರು ಬಿಡ್ ಹಾಕುವಂತಿಲ್ಲ. ಆ ವರ್ಗದವರು ತಮ್ಮತಮ್ಮೊಳಗೇ ಪೈಪೋಟಿ ನಡೆಸುತ್ತಾರೆ. ಎಲ್ಲರಿಗಿಂತ ಕಡಿಮೆ ದರ ನಮೂದಿಸಿದವರಿಗೆ ಕೆಲಸ ಸಿಗುತ್ತದೆ. ಸಿಮೆಂಟಿನ ಪ್ರಮಾಣದಲ್ಲಿ ರಿಯಾಯಿತಿ ಇಲ್ಲ, ಕಬ್ಬಿಣದ ಗಾತ್ರದಲ್ಲಿ ವಿನಾಯಿತಿ ಇಲ್ಲ, ಎಂಜಿನಿಯರ್ ಬರೆಯುವ ಅಳತೆ ಪುಸ್ತಕವೂ ಒಂದೇ. ಮೀಸಲು ಗುತ್ತಿಗೆ ಎಂದೊಡನೆ ಕಳಪೆ ಕಾಮಗಾರಿಯ ಮಾತೆತ್ತುವವರು ಇಷ್ಟನ್ನಾದರೂ ತಿಳಿದಿರುವುದು ಒಳ್ಳೆಯದು. ಕಳಪೆ ಕಾಮಗಾರಿ ಈ ನಾಡಿನಲ್ಲಿ 2016ಕ್ಕಿಂತ ಬಹಳ ಹಳೆಯದು.

ಈ ಕಾನೂನಿನ ಗಾತ್ರವನ್ನು ಅರಿಯಲು ಪಶ್ಚಿಮ ಬೆಂಗಳೂರಿನ ಲಗ್ಗೆರೆಯಂಥ ಜಾಗವೇ ತಕ್ಕುದು. ಹೊರವರ್ತುಲ ರಸ್ತೆಗೂ ಪೀಣ್ಯ ಕೈಗಾರಿಕಾ ಪ್ರದೇಶಕ್ಕೂ ನಡುವೆ ಇರುವ ಈ ಊರು, 198 ವಾರ್ಡುಗಳ ಬಿಬಿಎಂಪಿಯಲ್ಲಿ 69ನೇ ವಾರ್ಡಾಗಿತ್ತು. ರಾಜರಾಜೇಶ್ವರಿನಗರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಹಳ್ಳಿಯೊಂದು ನೋಡನೋಡುತ್ತ ನಗರವಾದ ಗುರುತುಗಳೆಲ್ಲ ಇಲ್ಲಿವೆ: ಇಕ್ಕಟ್ಟಿನ ಅಡ್ಡರಸ್ತೆಗಳು, ಚಿಕ್ಕ ಸೈಟುಗಳಲ್ಲಿ ಮೇಲೆದ್ದ ಬಾಡಿಗೆ ಮನೆಗಳು, ಗಾರ್ಮೆಂಟ್ಸಿಗೂ ಪೀಣ್ಯದ ಕಾರ್ಖಾನೆಗಳಿಗೂ ಪಾಳಿಯ ಮೇಲೆ ಹೋಗಿಬರುವ ಕೆಲಸಗಾರರು. ಇಂಥ ವಾರ್ಡಿಗೆ ಪಾಲಿಕೆ ಮಾಡಿಸುವ ಕೆಲಸಗಳೂ ಅದೇ ಅಳತೆಯವು. ಅಡ್ಡರಸ್ತೆಯ ಚರಂಡಿ, ಅದರ ಮೇಲಿನ ಸ್ಲ್ಯಾಬು, ಕಾಂಕ್ರೀಟ್ ರಸ್ತೆ, ಮೋರಿ, ಅಂಗನವಾಡಿಯ ಕೋಣೆ, ಉದ್ಯಾನದ ಬೇಲಿ. ಇವುಗಳ ಅಂದಾಜು ಪಟ್ಟಿ ಕೋಟಿಗಳಿಗೆ ಏರುವುದು ಅಪರೂಪ, ಲಕ್ಷಗಳಲ್ಲೇ ಮುಗಿಯುತ್ತದೆ. ಮೀಸಲಾತಿ ಕಾನೂನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿರುವುದು ಈ ಲಕ್ಷಗಳ ಕೆಲಸವನ್ನೇ.

ಮೀಸಲಾತಿ ಈ ನಾಡಿಗೆ ಹೊಸದಲ್ಲ, ಗುತ್ತಿಗೆಯಲ್ಲಿ ಮಾತ್ರ ಹೊಸದು. ಮೈಸೂರು ಸಂಸ್ಥಾನ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿ, 1921ರಲ್ಲಿ ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಆದ್ಯತೆ ಕೊಡುವ ಆದೇಶ ಹೊರಡಿಸಿತು. ದೇವರಾಜ ಅರಸು ಅವರ ಕಾಲದಲ್ಲಿ ಎಲ್.ಜಿ. ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಶಿಕ್ಷಣ ಮತ್ತು ನೌಕರಿ ಎಂಬ ಎರಡು ಬಾಗಿಲುಗಳ ಸುತ್ತಲೇ ಇಡೀ ಶತಮಾನದ ಚರ್ಚೆ ನಡೆಯಿತು. ಸರ್ಕಾರ ಸಂಬಳ ಕೊಡುವಂತೆಯೇ ಬಿಲ್ಲನ್ನೂ ಪಾವತಿಸುತ್ತದೆ, ಆ ಬಿಲ್ಲಿನ ಹಣ ಯಾವ ಮನೆಗಳಿಗೆ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ಬದಿಗೇ ಉಳಿಯಿತು. ಗುತ್ತಿಗೆದಾರಿಕೆಗೆ ಬೇಕಾದದ್ದು ಅಂಕಪಟ್ಟಿ ಅಲ್ಲವಲ್ಲ. ಕೈಯಲ್ಲಿ ಹಣ, ಅಡಮಾನಕ್ಕೊಂದು ಸೈಟು, ಸಿಮೆಂಟು ಮತ್ತು ಜಲ್ಲಿ ಸಾಲ ಕೊಡುವ ಪರಿಚಯದ ವ್ಯಾಪಾರಿ, ಕಚೇರಿಯಲ್ಲಿ ಗುರುತು. ಇವು ಮನೆತನದಿಂದ ಬರುವ ಬಂಡವಾಳ. 2005ರ ಆರ್ಥಿಕ ಗಣತಿಯನ್ನು ಆಧರಿಸಿ ನಡೆದ ಅಧ್ಯಯನವೊಂದರ ಪ್ರಕಾರ, ದೇಶದ ಜನಸಂಖ್ಯೆಯಲ್ಲಿ ಶೇ 16.4ರಷ್ಟಿದ್ದ ಪರಿಶಿಷ್ಟ ಜಾತಿಯವರ ಒಡೆತನದಲ್ಲಿದ್ದ ಉದ್ಯಮಗಳ ಪಾಲು ಶೇ 9.8. ಅವುಗಳಲ್ಲೂ ಬಹುಪಾಲು ಒಬ್ಬರೇ ದುಡಿಯುವ ಸಣ್ಣ ಕಸುಬುಗಳು.

ಬೆಂಗಳೂರಿನ ಮಟ್ಟಿಗೆ ಇದರ ನೇರ ಚಿತ್ರ ಕಸ ಮತ್ತು ಚರಂಡಿಯ ಲೋಕದಲ್ಲಿ ಸಿಗುತ್ತದೆ. ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಬಹುತೇಕರು ದಲಿತರು, ಅದರಲ್ಲೂ ಹೆಂಗಸರು. ಗುತ್ತಿಗೆ ಪದ್ಧತಿ ಇದ್ದಷ್ಟು ಕಾಲ ಅವರ ಹಾಜರಿ ಪುಸ್ತಕ ಇದ್ದದ್ದು ಬೇರೆಯವರ ಕೈಯಲ್ಲಿ. ಆ ಪದ್ಧತಿಯನ್ನು ಕೈಬಿಟ್ಟು ಪಾಲಿಕೆಯೇ ನೇರ ವೇತನ ಕೊಡತೊಡಗಿದ ಮೇಲೆ, 2025ರ ಮೇ 1ರಂದು 12,692 ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಅದು ಕೂಲಿಯ ಕಡೆಯ ಪರಿಹಾರ. ಟೆಂಡರ್ ಮೀಸಲಾತಿ ಒಡೆತನದ ಕಡೆಯದು.

ತಿದ್ದುಪಡಿಯಾದದ್ದು 'ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999'. ಕಚೇರಿಗಳಲ್ಲಿ, ಗುತ್ತಿಗೆದಾರರ ಬಾಯಲ್ಲಿ ಅದು ಕೆಟಿಪಿಪಿ ಕಾಯ್ದೆ. ಸರ್ಕಾರದ ಯಾವ ಖರೀದಿಯೂ ಬಹಿರಂಗ ಟೆಂಡರ್ ಇಲ್ಲದೆ ನಡೆಯಬಾರದು ಎಂಬುದು ಅದರ ಮೂಲ ಉದ್ದೇಶ. ಸಿದ್ದರಾಮಯ್ಯ ಅವರ ಮೊದಲ ಅವಧಿಯ ಸರ್ಕಾರ ಇದರ 6ನೇ ಪ್ರಕರಣಕ್ಕೆ ಹೊಸ ಷರತ್ತು ಸೇರಿಸಿತು: ₹50 ಲಕ್ಷ ಮೀರದ ನಿರ್ಮಾಣ ಕಾಮಗಾರಿಗಳ ಸಂಖ್ಯೆಯಲ್ಲಿ ಶೇ 17.15 ಪರಿಶಿಷ್ಟ ಜಾತಿಗೆ, ಶೇ 6.95 ಪರಿಶಿಷ್ಟ ಪಂಗಡಕ್ಕೆ. ಒಟ್ಟು ಶೇ 24.10. ಈ ಅಂಕಿಗಳು 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಆ ಸಮುದಾಯಗಳಿಗಿದ್ದ ಪಾಲು. ಆಗ ನೌಕರಿಯಲ್ಲಿ ಈ ಎರಡು ವರ್ಗಗಳಿಗೆ ಇದ್ದದ್ದು ಶೇ 15 ಮತ್ತು ಶೇ 3; ಅದು 17 ಮತ್ತು 7ಕ್ಕೆ ಏರಿದ್ದು 2022ರಲ್ಲಿ. ಜನಸಂಖ್ಯೆಗೆ ತಕ್ಕ ಪಾಲು ಎಂಬ ತತ್ವ ಕರ್ನಾಟಕದಲ್ಲಿ ನೌಕರಿಗಿಂತ ಮೊದಲು ಟೆಂಡರಿಗೆ ಬಂದದ್ದು ಹಲವರ ಗಮನಕ್ಕೆ ಬಾರದೇ ಹೋಯಿತು.

2023ರಲ್ಲಿ ₹50 ಲಕ್ಷದ ಮಿತಿ ₹1 ಕೋಟಿಯಾಯಿತು. ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಶೇ 4 ಮತ್ತು ಪ್ರವರ್ಗ-2ಎಗೆ ಶೇ 15 ಕೂಡ ಸೇರಿಕೊಂಡವು. ಹೀಗೆ ಒಟ್ಟು ಶೇ 43.10.

ಈ ಶೇಕಡಾವಾರಿನಲ್ಲಿ ಎರಡು ಪದಗಳನ್ನು ಬಿಡಿಸಿ ನೋಡಬೇಕು. ಒಂದು 'ಸಂಖ್ಯೆ', ಇನ್ನೊಂದು 'ಮಿತಿ'. ಕಾಯ್ದೆ ಪಾಲು ಮಾಡುವುದು ಹಣವನ್ನಲ್ಲ, ಕಾಮಗಾರಿಗಳ ಎಣಿಕೆಯನ್ನು. ಒಂದು ವಿಭಾಗದಲ್ಲಿ ವರ್ಷಕ್ಕೆ ₹1 ಕೋಟಿಯೊಳಗಿನ 100 ಕಾಮಗಾರಿ ಇವೆ ಎಂದುಕೊಂಡರೆ, ಸುಮಾರು 17 ಪರಿಶಿಷ್ಟ ಜಾತಿಗೆ, 7 ಪರಿಶಿಷ್ಟ ಪಂಗಡಕ್ಕೆ ಹೋಗಬೇಕು. ಆ 24ರಲ್ಲಿ ಹೆಚ್ಚಿನವು ₹5 ಲಕ್ಷದ ಮೋರಿ ರಿಪೇರಿಗಳಾಗಿ, ಉಳಿದ 76ರಲ್ಲಿ ₹90 ಲಕ್ಷದ ರಸ್ತೆಗಳು ತುಂಬಿದ್ದರೂ ಎಣಿಕೆಯ ಲೆಕ್ಕ ಸರಿಯಾಗಿಯೇ ಇರುತ್ತದೆ. ಅದೇ ವಿಭಾಗದಲ್ಲಿ ₹50 ಕೋಟಿಯ ಒಂದು ಮೇಲ್ಸೇತುವೆ ಇದ್ದರೆ ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಬೆಂಗಳೂರಿನ ಬಂಡವಾಳ ವೆಚ್ಚದಲ್ಲಿ ಸುರಂಗ, ಮೇಲ್ಸೇತುವೆ, ವೈಟ್ ಟಾಪಿಂಗ್‌ಗಳ ತೂಕ ಹೆಚ್ಚಿದಂತೆಲ್ಲ ಶೇ 24.10 ಎಂಬುದು ಹಣದ ಲೆಕ್ಕದಲ್ಲಿ ಕರಗುತ್ತ ಹೋಗುತ್ತದೆ. ಕಾನೂನು ಮುರಿಯದೆಯೇ ಹೀಗಾಗುತ್ತದೆ ಎಂಬುದು ಇದರ ಸೂಕ್ಷ್ಮ.

ಮುರಿಯಬೇಕೆಂದಿದ್ದರೆ ದಾರಿ ಇನ್ನೂ ಸಲೀಸು. ಅದರ ಹೆಸರು ಪ್ಯಾಕೇಜ್. ಹತ್ತು ಅಡ್ಡರಸ್ತೆಗಳ ಚರಂಡಿಯನ್ನು ಹತ್ತು ಟೆಂಡರುಗಳಾಗಿ ಕರೆಯುವ ಬದಲು ಒಂದೇ ಪ್ಯಾಕೇಜಾಗಿ ಕಟ್ಟಿದರೆ ಮೊತ್ತ ₹1 ಕೋಟಿ ದಾಟುತ್ತದೆ, ಮೀಸಲಾತಿ ಬಿಟ್ಟುಹೋಗುತ್ತದೆ. ಮೇಲಿನ ಉದಾಹರಣೆಯ 100 ಕಾಮಗಾರಿಗಳಲ್ಲಿ 60ನ್ನು ಮೂರು ಪ್ಯಾಕೇಜುಗಳಿಗೆ ಸುತ್ತಿಬಿಟ್ಟರೆ ಉಳಿಯುವುದು 40. ಅದರಲ್ಲಿ ಪರಿಶಿಷ್ಟರ ಪಾಲು ಒಂಬತ್ತೋ ಹತ್ತೋ. ಪ್ಯಾಕೇಜಿಗೆ ಎಂಜಿನಿಯರುಗಳ ಬಳಿ ಸಮರ್ಥನೆಯೂ ಇದೆ: ಮೇಲ್ವಿಚಾರಣೆ ಸುಲಭ, ಒಬ್ಬನೇ ಹೊಣೆಗಾರ, ಗುಣಮಟ್ಟ ಒಂದೇ ಸಮ. ಕೆಲವು ಕಡೆ ಅದು ನಿಜವೂ ಹೌದು. ನೀರು ಹರಿಯಬೇಕಾದ ಉದ್ದನೆಯ ಕಾಲುವೆಯೊಂದನ್ನು ಹತ್ತು ಮಂದಿ ಹತ್ತು ಮಟ್ಟದಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ಉತ್ತರ ಸಿಗುತ್ತದೆ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಅಡ್ಡರಸ್ತೆಗಳನ್ನು ಕಟ್ಟಿಹಾಕಲು ಈ ತಾಂತ್ರಿಕ ಕಾರಣ ಹೊಂದುವುದಿಲ್ಲ. ಪರಿಶಿಷ್ಟ ಗುತ್ತಿಗೆದಾರರ ಸಂಘಟನೆಗಳ ಬಹುಕಾಲದ ದೂರು ಇದೇ.

ಇನ್ನೊಂದು ಕಿಂಡಿ ಕಾಯ್ದೆಯೊಳಗೇ ಇದೆ. ಅದು 4(ಜಿ). ಈ ಉಪಬಂಧದಡಿ ಸರ್ಕಾರ ನಿರ್ದಿಷ್ಟ ಕೆಲಸವನ್ನು ಟೆಂಡರಿನಿಂದಲೇ ಹೊರಗಿಡಬಹುದು. ಹಿಂದೆ ಭೂಸೇನಾ ನಿಗಮ ಎಂದಿದ್ದ ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮ, ಅಂದರೆ ಕೆಆರ್‌ಐಡಿಎಲ್‌ಗೆ ಕೆಲಸ ಹೋಗುವುದು ಇಂಥ ವಿನಾಯಿತಿಯ ಮೂಲಕ. ಟೆಂಡರೇ ಇಲ್ಲದ ಮೇಲೆ ಟೆಂಡರಿನ ಮೀಸಲಾತಿ ಎಲ್ಲಿಂದ ಬರಬೇಕು? ಸರ್ಕಾರಿ ನಿಗಮ ಕೆಲಸವನ್ನು ತಾನೇ ಮಾಡುತ್ತದೆ ಎಂಬುದು ಕಡತದ ಮಾತು. ನೆಲದ ಮೇಲೆ ಪೀಸ್ ವರ್ಕಿನ ಗುಂಪುಗಳು ಅದನ್ನು ಮಾಡುತ್ತವೆ. ಲಗ್ಗೆರೆ ಸೇರಿರುವ ರಾಜರಾಜೇಶ್ವರಿನಗರ ಕ್ಷೇತ್ರಕ್ಕೆ ಈ ಹೆಸರು ಅಪರಿಚಿತವಲ್ಲ. ಅಲ್ಲಿ ಕೆಆರ್‌ಐಡಿಎಲ್ ಮೂಲಕ ನಡೆದ ಕಾಮಗಾರಿಗಳಿಗೆ ಪಾಲಿಕೆ ಪಾವತಿಸಿದ ಸುಮಾರು ₹118 ಕೋಟಿ ಬಿಲ್ಲಿನ ವಿಚಾರ ಲೋಕಾಯುಕ್ತದವರೆಗೆ ಹೋಗಿತ್ತು.

ಟೆಂಡರ್ ಗೆದ್ದ ಮೇಲೆ ಕಥೆ ಶುರುವಾಗುತ್ತದೆ. ₹40 ಲಕ್ಷದ ಚರಂಡಿ ಕೆಲಸ ಸಿಕ್ಕಿತೆಂದರೆ ಆ ₹40 ಲಕ್ಷ ಸಿಕ್ಕಿತೆಂದಲ್ಲ. ಬಿಡ್ ಹಾಕುವಾಗಲೇ ಇಎಂಡಿ ಎಂಬ ಮುಂಗಡ ಠೇವಣಿ, ಗೆದ್ದ ಬಳಿಕ ಭದ್ರತಾ ಠೇವಣಿ ಕಟ್ಟಬೇಕು. ಜೆಸಿಬಿ ಬಾಡಿಗೆ ದಿನದ ಲೆಕ್ಕ, ಕೂಲಿ ವಾರದ ಲೆಕ್ಕ, ಎಂ-ಸ್ಯಾಂಡ್ ಮತ್ತು ಕಬ್ಬಿಣ ನಗದು ಲೆಕ್ಕ. ಇವನ್ನೆಲ್ಲ ಗುತ್ತಿಗೆದಾರನೇ ಹೂಡಿ ಕೆಲಸ ಮುಗಿಸಿದ ಮೇಲೆ ಅಳತೆ, ಗುಣಮಟ್ಟ ಪರೀಕ್ಷೆ, ಬಿಲ್ಲು, ಅದರ ಜ್ಯೇಷ್ಠತಾ ಪಟ್ಟಿ. ಬೆಂಗಳೂರಿನ ಪಾಲಿಕೆಯಲ್ಲಿ ಬಿಲ್ಲು ವರ್ಷ ಕಳೆದು ಬರುವುದು ಗುತ್ತಿಗೆದಾರರಿಗೆಲ್ಲ ರೂಢಿಯಾಗಿಬಿಟ್ಟಿದೆ. ಬಾಕಿ ಬಿಲ್ಲಿಗಾಗಿ ನಡೆದ ಪ್ರತಿಭಟನೆಗಳು ಪತ್ರಿಕೆ ಓದುಗರಿಗೆ ಹೊಸದಲ್ಲ. ಅಪ್ಪನ ಕಾಲದಿಂದ ಗುತ್ತಿಗೆ ಮಾಡಿಕೊಂಡು ಬಂದವರು ಎರಡು ವರ್ಷ ತಡೆಯಬಲ್ಲರು. ಮೊದಲ ತಲೆಮಾರಿನ ಗುತ್ತಿಗೆದಾರ ತಿಂಗಳ ಬಡ್ಡಿಗೆ ಕೈಸಾಲ ತಂದಿರುತ್ತಾನೆ. ಶೇ 10ರ ಲಾಭ ಬಡ್ಡಿಗೆ ಸಮವಾದಲ್ಲಿಗೆ ಅವನ ಗುತ್ತಿಗೆದಾರಿಕೆ ಮುಗಿಯಿತು.

ಇಲ್ಲಿಂದಲೇ ಹುಟ್ಟುವುದು ಬೇನಾಮಿ. ಪ್ರಮಾಣಪತ್ರ ಮತ್ತು ಲೈಸೆನ್ಸ್ ಇರುವವನ ಬಳಿ ಹಣವಿಲ್ಲ, ಹಣವಿರುವವನ ಬಳಿ ಪ್ರಮಾಣಪತ್ರವಿಲ್ಲ. ಇಬ್ಬರೂ ಕೂಡಿದರೆ ಕಾಗದದ ಮೇಲೆ ಮೀಸಲಾತಿ ಪೂರ್ಣ ಜಾರಿ. ಲೈಸೆನ್ಸ್ ಕೊಟ್ಟವನಿಗೆ ಬಿಲ್ಲಿನಲ್ಲಿ ಎರಡೋ ಮೂರೋ ಪರ್ಸೆಂಟು, ಉಳಿದದ್ದು ಹಿಂದೆ ನಿಂತವನಿಗೆ. ಇದನ್ನು ಕೇವಲ ಅಪ್ರಾಮಾಣಿಕತೆ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಕೆಲಸ ಮಾಡಿದರೆ ಸಾಲ, ಹೆಸರು ಕೊಟ್ಟರೆ ಖಚಿತ ಹಣ ಎಂಬ ಸ್ಥಿತಿಯನ್ನು ಪಾವತಿ ಪದ್ಧತಿಯೇ ನಿರ್ಮಿಸಿದೆ. ಮಲೇಷ್ಯಾದಲ್ಲಿ 1971ರ ಹೊಸ ಆರ್ಥಿಕ ನೀತಿಯ ತರುವಾಯ ಸಣ್ಣ ಗುತ್ತಿಗೆಗಳನ್ನು ಭೂಮಿಪುತ್ರರಿಗೆ ಮೀಸಲಿಟ್ಟಾಗಲೂ ಇದೇ ನಡೆಯಿತು; ಹೆಸರಿಗೆ ಅಲಿ, ಹಣಕ್ಕೆ ಬಾಬಾ ಎಂಬ ಅರ್ಥದಲ್ಲಿ ಜನ ಅದನ್ನು 'ಅಲಿಬಾಬಾ' ವ್ಯವಹಾರ ಎಂದು ಕರೆದರು. ದಕ್ಷಿಣ ಆಫ್ರಿಕಾ ಕಪ್ಪು ಜನರ ಆರ್ಥಿಕ ಸಬಲೀಕರಣಕ್ಕೆ 2003ರಲ್ಲಿ ಕಾಯ್ದೆ ತಂದು, ಮುಖವಾಡದ ಒಡೆತನ ಹೆಚ್ಚಿದ ಮೇಲೆ 2013ರ ತಿದ್ದುಪಡಿಯಲ್ಲಿ ಅದಕ್ಕೆ ಹತ್ತು ವರ್ಷದವರೆಗೆ ಜೈಲು ಎಂದು ಬರೆಯಿತು. ಶಿಕ್ಷೆಯ ಭಯ ಬೇಕು, ನಿಜ. ಸಕಾಲದ ಬಿಲ್ಲು ಅದಕ್ಕಿಂತ ಹೆಚ್ಚು ಕೆಲಸ ಮಾಡೀತು.

ಲಗ್ಗೆರೆಯಿಂದ ಪೀಣ್ಯದ ಕಡೆ ಹೋದರೆ ಕಾನೂನೂ ಬದಲಾಗುತ್ತದೆ. ಅಲ್ಲಿನ ಲೇತ್, ಮಿಲ್ಲಿಂಗ್, ಸಿಎನ್‌ಸಿ ಶೆಡ್ಡುಗಳಲ್ಲಿ ತಯಾರಾದ ಬಿಡಿಭಾಗಗಳ ಒಂದು ಪಾಲು ಬೆಂಗಳೂರಿನ ಕೇಂದ್ರ ಸಾರ್ವಜನಿಕ ಉದ್ದಿಮೆಗಳಿಗೆ ಹೋಗುತ್ತದೆ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಸಂಸ್ಥೆಗಳ ಖರೀದಿಗೆ ಅನ್ವಯಿಸುವುದು ಎಂಎಸ್‌ಎಂಇ ಕಾಯ್ದೆಯಡಿ ಬಂದ 2012ರ ಸಾರ್ವಜನಿಕ ಖರೀದಿ ನೀತಿ ಆದೇಶ. ವಾರ್ಷಿಕ ಖರೀದಿಯಲ್ಲಿ ಶೇ 20ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು, ಅದರೊಳಗೆ ಒಟ್ಟು ಖರೀದಿಯ ಶೇ 4 ಪರಿಶಿಷ್ಟರ ಉದ್ಯಮಗಳಿಂದ ಬರಬೇಕು ಎಂದು ಅದು ಹೇಳಿತು. 2015ರ ಏಪ್ರಿಲ್ 1ರಿಂದ ಇದು ಕಡ್ಡಾಯ. 2018ರ ತಿದ್ದುಪಡಿಯಲ್ಲಿ ಶೇ 20 ಹೋಗಿ 25 ಆಯಿತು, ಮಹಿಳಾ ಉದ್ಯಮಿಗಳಿಗೆ ಶೇ 3 ಸೇರಿತು. ಪರಿಶಿಷ್ಟರ 4 ಮಾತ್ರ ಇದ್ದಲ್ಲೇ ಇದೆ.

ಕೇಂದ್ರದ ವಿಧಾನ ರಾಜ್ಯದ್ದಕ್ಕಿಂತ ಭಿನ್ನ. ಇಲ್ಲಿ ಟೆಂಡರ್ ಎಲ್ಲರಿಗೂ ತೆರೆದಿರುತ್ತದೆ. ಸಣ್ಣ ಉದ್ಯಮದ ದರ ಕನಿಷ್ಠ ದರಕ್ಕಿಂತ ಶೇ 15ರವರೆಗೆ ಮೇಲಿದ್ದರೆ, ಕನಿಷ್ಠ ದರಕ್ಕೇ ಇಳಿದು ಒಂದು ಪಾಲು ಪೂರೈಸುವ ಅವಕಾಶ ಕೊಡುತ್ತಾರೆ. ಟೆಂಡರ್ ಫಾರಂ ಉಚಿತ, ಇಎಂಡಿ ಇಲ್ಲ. ಒಡೆತನದ ಪುರಾವೆಯೂ ಸ್ಪಷ್ಟ: ಪಾಲುದಾರಿಕೆಯಾದರೆ, ಪ್ರೈವೇಟ್ ಲಿಮಿಟೆಡ್ ಆದರೆ ಪರಿಶಿಷ್ಟರ ಪಾಲು ಕನಿಷ್ಠ ಶೇ 51 ಇರಬೇಕು. ನೆರವಿಗೆಂದು 2016ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಎಸ್‌ಸಿ-ಎಸ್‌ಟಿ ಹಬ್ ಕೂಡ ಶುರುವಾಯಿತು. ಇಷ್ಟಾದರೂ ಶೇ 4ರ ಗುರಿ ಮುಟ್ಟದ ವರ್ಷಗಳೇ ಹೆಚ್ಚು. ಉದ್ದಿಮೆಗಳು ಕೊಡುವ ಕಾರಣ, ಬೇಕಾದ ಭಾಗ ತಯಾರಿಸುವ ಪರಿಶಿಷ್ಟ ಉದ್ಯಮಿಗಳೇ ಸಿಗುವುದಿಲ್ಲ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ವಿಮಾನದ ಬಿಡಿಭಾಗಕ್ಕೆ ಬೇಕಾದ ಯಂತ್ರ ಮತ್ತು ಪ್ರಮಾಣೀಕರಣ ಒಂದು ವರ್ಷದಲ್ಲಿ ಆಗುವಂಥದ್ದಲ್ಲ. ಉಳಿದರ್ಧ ಸತ್ಯವೆಂದರೆ, ಸಮವಸ್ತ್ರ, ಕ್ಯಾಂಟೀನ್, ವಾಹನ, ತೋಟಗಾರಿಕೆ, ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಅಂಥ ಪ್ರಮಾಣೀಕರಣ ಬೇಕಿಲ್ಲ.

ಪೀಣ್ಯದ ಪೂರೈಕೆದಾರನಿಗೆ ಒಂದು ರಕ್ಷಣೆ ಇದೆ, ಲಗ್ಗೆರೆಯ ಚರಂಡಿ ಗುತ್ತಿಗೆದಾರನಿಗೆ ಅದು ಅನುಮಾನ. ಎಂಎಸ್‌ಎಂಇ ಕಾಯ್ದೆ, 2006ರ ಪ್ರಕಾರ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಪಾವತಿಸಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕಾಮಗಾರಿ ಗುತ್ತಿಗೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಕೆಲವು ಹೈಕೋರ್ಟುಗಳು ಹೇಳಿವೆ. ಬೋಲ್ಟು ಮಾರಿದವನಿಗೆ ಬಡ್ಡಿ ಕೇಳುವ ಹಕ್ಕು. ಬೀದಿಗೆ ಚರಂಡಿ ಕಟ್ಟಿದವನಿಗೆ ಕಚೇರಿಯ ಮೆಟ್ಟಿಲು.

ಸಂವಿಧಾನದ ಆಧಾರದ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. 16(4)ನೇ ವಿಧಿ ಸರ್ಕಾರಿ ಹುದ್ದೆಗಳ ಮಾತಾಡುತ್ತದೆ, ಗುತ್ತಿಗೆ ಹುದ್ದೆಯಲ್ಲ. ಹಾಗಾಗಿ ಟೆಂಡರ್ ಮೀಸಲಾತಿ ನಿಲ್ಲುವುದು ಹಿಂದುಳಿದವರ ಮುನ್ನಡೆಗೆ ವಿಶೇಷ ಕ್ರಮ ಕೈಗೊಳ್ಳಬಹುದೆನ್ನುವ 15(4) ಮತ್ತು ದುರ್ಬಲರ ಆರ್ಥಿಕ ಹಿತ ಕಾಯಬೇಕೆನ್ನುವ 46ನೇ ವಿಧಿಗಳ ಮೇಲೆ. ಸರ್ಕಾರ ತನಗೆ ತೋಚಿದವರಿಗೆ ಗುತ್ತಿಗೆ ಕೊಡುವಂತಿಲ್ಲ, ತಾನೇ ಹಾಕಿದ ನಿಯಮಕ್ಕೆ ಬದ್ಧವಾಗಿರಬೇಕು ಎಂದು 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಪಾಲು ಎಷ್ಟು, ಏಕೆ ಅಷ್ಟು ಎಂಬುದಕ್ಕೆ ಲೆಕ್ಕ ಬೇಕು. ಅಮೆರಿಕದ ರಿಚ್ಮಂಡ್ ನಗರ ಈ ಲೆಕ್ಕದಲ್ಲೇ ಎಡವಿತು. ಅರ್ಧದಷ್ಟು ಕಪ್ಪು ಜನರಿದ್ದ ಆ ಊರಿನ ಗುತ್ತಿಗೆಗಳಲ್ಲಿ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಸಿಗುತ್ತಿದ್ದುದು ಶೇ 1ಕ್ಕಿಂತ ಕಡಿಮೆ. ಅದಕ್ಕಾಗಿ ಶೇ 30ರ ಪಾಲು ಕಡ್ಡಾಯ ಮಾಡಿದ ನಿಯಮವನ್ನು, ಆ ಸಂಖ್ಯೆಗೆ ನಿಖರ ಪುರಾವೆ ಇಲ್ಲವೆಂದು 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಭಾರತದ ಸಂವಿಧಾನ ಈ ವಿಷಯದಲ್ಲಿ ಹೆಚ್ಚು ಉದಾರ. ಹಾಗೆಂದು ಪ್ರತಿ ವಿಭಾಗದಲ್ಲಿ ಯಾವ ವರ್ಗಕ್ಕೆ ಎಷ್ಟು ಕಾಮಗಾರಿ, ಎಷ್ಟು ಹಣ ಹೋಯಿತು ಎಂಬ ಪಟ್ಟಿಯನ್ನು ಸರ್ಕಾರ ವರ್ಷವರ್ಷ ಹೊರಗಿಡದೆ ಇರುವುದು ಜಾಣತನವಲ್ಲ. ಟೆಂಡರೆಲ್ಲ ಆನ್‌ಲೈನ್ ಪೋರ್ಟಲ್ಲಿನಲ್ಲೇ ನಡೆಯುವಾಗ ಇದು ಕಷ್ಟದ ಕೆಲಸವೂ ಅಲ್ಲ.

2025ರಲ್ಲಿ ಕೆಟಿಪಿಪಿ ಕಾಯ್ದೆ ಬೇರೆಯದೇ ಕಾರಣಕ್ಕೆ ಸುದ್ದಿಯಾಯಿತು. ಮಾರ್ಚ್ 7ರ ಬಜೆಟ್ಟಿನ ಘೋಷಣೆಯಂತೆ ಬಂದ ತಿದ್ದುಪಡಿ ಮಸೂದೆಯಲ್ಲಿ ಮೂರು ಅಂಶಗಳಿದ್ದವು: ಕಾಮಗಾರಿಗಳ ಮಿತಿ ₹2 ಕೋಟಿಗೆ ಏರಿಕೆ, ₹1 ಕೋಟಿವರೆಗಿನ ಸರಕು ಮತ್ತು ಸೇವೆಗಳ ಖರೀದಿಗೂ ಮೀಸಲು, ಮುಸ್ಲಿಮರಿರುವ ಪ್ರವರ್ಗ-2ಬಿಗೆ ಶೇ 4. ಚರ್ಚೆಯೆಲ್ಲ ಮೂರನೆಯದರ ಮೇಲೆ ನಡೆಯಿತು. ಧರ್ಮಾಧಾರಿತ ಮೀಸಲಾತಿ ಅಸಾಂವಿಧಾನಿಕ ಎಂದು ಬಿಜೆಪಿ, 2ಬಿ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮೊದಲಿಂದ ಇದೆ ಎಂದು ಸರ್ಕಾರ. ಮಾರ್ಚ್ 21ರಂದು ವಿಧಾನಸಭೆ ಗದ್ದಲದ ನಡುವೆ ಮಸೂದೆ ಅಂಗೀಕರಿಸಿತು. ಅದೇ ದಿನ 18 ಬಿಜೆಪಿ ಶಾಸಕರು ಅಮಾನತಾದರು. ಮೊದಲೆರಡು ಅಂಶಗಳು ದಲಿತ ಮತ್ತು ಹಿಂದುಳಿದ ಗುತ್ತಿಗೆದಾರರಿಗೆ ಅದಕ್ಕಿಂತ ಹೆಚ್ಚು ಮುಖ್ಯವಾಗಿದ್ದವು. ಮಿತಿ ದುಪ್ಪಟ್ಟಾದರೆ ಸಣ್ಣ ಪ್ಯಾಕೇಜುಗಳೂ ಲೆಕ್ಕದೊಳಗೆ ಬರುತ್ತಿದ್ದವು. ಸರಕು ಮತ್ತು ಸೇವೆ ಸೇರಿದರೆ ಕಾಮಗಾರಿಗಿಂತ ಕಡಿಮೆ ಬಂಡವಾಳ ಬೇಡುವ ದಾರಿಗಳು ತೆರೆಯುತ್ತಿದ್ದವು. ಹಾಸ್ಟೆಲ್ಲಿಗೆ ದಿನಸಿ, ಕಚೇರಿಗೆ ಕಂಪ್ಯೂಟರ್, ಶಾಲೆಗೆ ಬೆಂಚು. ಸದನದಲ್ಲಿ ಈ ಮಾತು ಕೇಳಿಸುವಷ್ಟು ಮೌನ ಇರಲಿಲ್ಲ.

ಏಪ್ರಿಲ್‌ನಲ್ಲಿ ರಾಜ್ಯಪಾಲ ಥಾವರಚಂದ್ ಗೆಹಲೋತ್ ಮಸೂದೆಯನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾದಿರಿಸಿದರು. ಮರುಪರಿಶೀಲಿಸುವಂತೆ ಸರ್ಕಾರ ಕೋರಿದರೂ ಮೇ ತಿಂಗಳಲ್ಲಿ ಅದೇ ನಿಲುವಿಗೆ ಅಂಟಿಕೊಂಡರು. ಹೀಗೆ ಕಾದಿರಿಸಿದ ಮಸೂದೆಗೆ ಅಂಕಿತ ಇಷ್ಟು ದಿನದೊಳಗೆ ಬೀಳಬೇಕೆಂದು ಸಂವಿಧಾನ ಹೇಳುವುದಿಲ್ಲ. ಅದು ಬೀಳುವವರೆಗೆ ಲಗ್ಗೆರೆಯ ಅಡ್ಡರಸ್ತೆಗೆ ಅನ್ವಯಿಸುವುದು ಹಳೆಯ ನಿಯಮವೇ: ₹1 ಕೋಟಿಯೊಳಗಿನ ಕಾಮಗಾರಿಗೆ ಮೀಸಲು ಉಂಟು, ಪ್ಯಾಕೇಜಿಗೆ ಮತ್ತು 4(ಜಿ)ಗೆ ಇಲ್ಲ.